ಮನೋಳಿಯ ವಿವಾಹ ಅಧಿಕಾರಿ

ನವೆಂಬರ್ ಹನ್ನೆರಡು, ಬೆಳಿಗ್ಗೆ ಹತ್ತೂ ನಲವತ್ತು. ಸವದತ್ತಿ ಠಾಣೆಗೆ ಉಮಾಶ್ರೀ ಎಂಬ ಇಪ್ಪತ್ತಾರರ ಹೆಣ್ಣುಮಗಳು ತನ್ನ ಮದುವೆಯ ಪ್ರಮಾಣಪತ್ರ ಹಿಡಿದು ಬಂದಳು. ಗಂಡ ಶ್ರೀಶೈಲ ಅಪಘಾತದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಜಾತಿ ಬೇರೆಯೆಂದು ಮೊದಲೇ ಮುನಿದಿದ್ದ ಅತ್ತೆಮನೆಯವರು, ಈ ಮದುವೆ ಸರ್ಕಾರಿ ದಾಖಲೆಯಲ್ಲೇ ಇಲ್ಲವೆಂದು ತಿಳಿದು ಅವಳನ್ನು ಹೊರಗೆ ಹಾಕಿದ್ದರು.

ಇನ್ಸ್‌ಪೆಕ್ಟರ್ ನಾಗರತ್ನಾ ಎಫ್‌ಐಆರ್ ದಾಖಲಿಸಿ ನೋಂದಣಿ ಕಚೇರಿಗೆ ಬರೆದರು. ಮರುದಿನ ಉತ್ತರ ಬಂತು: ಸಂಖ್ಯೆ, ಸಹಿ, ಮೊಹರು ಯಾವುದೂ ತಮ್ಮದಲ್ಲ. ವಿಶೇಷ ವಿವಾಹ ಕಾಯ್ದೆಯಂತೆ ಮೂವತ್ತು ದಿನ ಕಚೇರಿಯ ಫಲಕಕ್ಕೆ ಅಂಟಿಸಬೇಕಾದ ಮದುವೆಯ ನೋಟಿಸನ್ನೂ ಅಂಟಿಸಿರಲಿಲ್ಲ.

"ಮದಿವಿ ಎಲ್ಲಿ ಆತು?" ನಾಗರತ್ನಾ ಕೇಳಿದರು.

"ಮನೋಳ್ಯಾಗರಿ. ಹೊಳಿ ಕಾಣೋ ಮ್ಯಾಲಿನ ಖೋಲಿ. ನೋಟಿಸ್ ಹಚ್ಚಿದ್ರ ನಮ್ಮ ಮಂದಿ ಬಿಡೂದಿಲ್ಲಂತ ಅಂಜಿದ್ವಿ. ಬ್ಯಾಡ ಬಿಡ್ರಿ ಅಂದ್ರು ಮದಿವಿ ಮಾಡ್ಸಿದ ಸಾಹೇಬ್ರು."

"ಏನ್ ತಗೊಂಡ್ರು?"

"ಏನೂ ಇಲ್ರಿ. ತಾವ ನಮಗ ಪೇಢೆ ಕೊಟ್ರು."

ಹದಿನಾಲ್ಕರ ಮುಂಜಾನೆ ಮನೋಳಿಯಲ್ಲಿ ಮಲಪ್ರಭೆಯ ಮೇಲೆ ದಟ್ಟ ಮಂಜು. ಮನೆಗಳು ನೀರಿನೊಳಗಿಂದ ಈಗಷ್ಟೇ ಎದ್ದು ಬಂದಂತಿದ್ದವು. ಉಮಾಶ್ರೀ ನಿದ್ದೆಯಲ್ಲಿ ನಡೆಯುವವಳಂತೆ ಮುಂದೆ ಹೋದಳು. ಇನ್ಸ್‌ಪೆಕ್ಟರ್ ಮತ್ತು ಹವಾಲ್ದಾರ ಬಸಯ್ಯ ಹಿಂದೆ. ಎರಡು ಓಣಿ ತಪ್ಪಿತು. ಮೂರನೆಯದರಲ್ಲಿ ನೀಲಿ ಕಿಟಕಿಯೊಂದರ ಕೆಳಗೆ ನಿಂತಳು.

ಮೇಲಿನ ಕೋಣೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮುದುಕ. ಹೆಸರು ಕೃಷ್ಣಾಜಿ, ಬೇರೆ ಜಿಲ್ಲೆಯ ನೋಂದಣಿ ಕಚೇರಿಯ ನಿವೃತ್ತ ಗುಮಾಸ್ತ. ಪೊಲೀಸರನ್ನು ಬಿಟ್ಟು ಅವನ ಕಣ್ಣು ಉಮಾಶ್ರೀಯ ಹಿಂದೆ ಯಾರನ್ನೋ ಹುಡುಕಿತು.

"ಯಜಮಾನರು ಬರಲಿಲ್ಲೇನ್ರಿ?"

"ಅವರು ಹ್ವಾದ್ರು," ಎಂದಳು ಉಮಾಶ್ರೀ. "ನೀವು ಕೊಟ್ಟ ಕಾಗದ ಅಷ್ಟ ಉಳದಿತ್ತು. ಅದೂ ಖೊಟ್ಟಿ ಅಂತ."

ಕೃಷ್ಣಾಜಿ ಮೆಲ್ಲನೆ ಕುಳಿತ. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು: ಒಂದು ಮೊಹರು, ಶಾಯಿ ಡಬ್ಬಿ, ನಲವತ್ತೊಂದು ಜೋಡಿಗಳ ಹೆಸರಿದ್ದ ವಹಿ. ಅವನು ಏನನ್ನೂ ಅಲ್ಲಗಳೆಯಲಿಲ್ಲ. ನಲವತ್ತು ವರ್ಷಗಳ ಹಿಂದೆ ನರ್ಮದಾ ಎಂಬವಳನ್ನು ಮದುವೆಯಾಗಲು ಅರ್ಜಿ ಕೊಟ್ಟಿದ್ದನಂತೆ. ಕಚೇರಿಯಲ್ಲಿ ನೋಟಿಸು ಅಂಟಿಸುವ ಕೆಲಸ ಅವನದೇ. ತನ್ನ ನೋಟಿಸನ್ನು ತಾನೇ ಅಂಟಿಸಿದ್ದ. ಹನ್ನೊಂದನೆಯ ದಿನ ಅವಳ ಅಣ್ಣಂದಿರು ಅದನ್ನು ಓದಿದರು. ಅವಳನ್ನು ಎಲ್ಲಿಗೆ ಒಯ್ದರೆಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ನಿವೃತ್ತಿಯವರೆಗೂ ಬೇರೆಯವರ ನೋಟಿಸು ಅಂಟಿಸುತ್ತಲೇ ಇದ್ದ.

ಹನ್ನೊಂದೂ ಐವತ್ತಕ್ಕೆ ಅಧಿಕಾರಿಯ ಸೋಗು ಹಾಕಿದ್ದು, ನಕಲಿ ದಾಖಲೆ ಸೃಷ್ಟಿಸಿದ್ದು ಎಂಬ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಬಂಧನ ಪತ್ರಕ್ಕೆ ಸಹಿ ಹಾಕಿ ಕೇಳಿದ:

"ಉಳದ ಜೋಡಿಗಳ ಗತಿ ಏನ್ರಿ?"

"ತಿಳಿಸ್ತೇವಿ. ಕಾಯ್ದೆ ಪ್ರಕಾರ ಅವರು ಮತ್ತೊಮ್ಮೆ ಮದಿವಿ ಆಗಬಹುದು," ಎಂದ ನಾಗರತ್ನಾ ಥಟ್ಟನೆ ತಿರುಗಿ ನೋಡಿದರು.

ಉಮಾಶ್ರೀ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು.