ತೊಂಬತ್ತರ ಗೆರೆ

“ಊಟ ಆಯಿತೇ, ನೀಲಗಂಗಾ?”

ದಿನವೂ ಮೊದಲು ಬರುವ ಈ ಪ್ರಶ್ನೆ ಬಂದದ್ದು ಗೋಡೆಯ ಪರದೆಯಿಂದ. ಗದಗಿನ ತರಬೇತಿ ಕೇಂದ್ರದ ಆ ಪುಟ್ಟ ಕೋಣೆಯಲ್ಲಿ ನೀಲಗಂಗಾಳ ಎದುರು ಮನುಷ್ಯರಾರೂ ಇರಲಿಲ್ಲ; ಇದ್ದದ್ದು ‘ಸಂದರ್ಶಕ ಯಂತ್ರ’ ಮಾತ್ರ. ಹದಿನೆಂಟು ತುಂಬಿ ಅನಾಥಾಲಯಗಳಿಂದ ಹೊರಬಿದ್ದವರನ್ನು ಕೆಲಸಕ್ಕೆ, ಕಾಲೇಜಿಗೆ ಸಿದ್ಧಗೊಳಿಸಲೆಂದು ಡಾ. ವಾರಿಜಾ ಹೇರೂರ ಅದನ್ನು ರೂಪಿಸಿದ್ದರು. ಅದರೊಳಗಿನ ಧ್ವನಿಕಂಪನ ಮಾಪಕವು ಮಾತಿನಲ್ಲಿ ಅಳುಕು ಎಲ್ಲಿ ಹುಟ್ಟುತ್ತದೆಂದು ಗುರುತಿಸುತ್ತಿತ್ತು. ಅಳುಕಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿ, ಧ್ವನಿ ಗಟ್ಟಿಯಾಗುವವರೆಗೆ ಬಿಡುತ್ತಿರಲಿಲ್ಲ. ತೊಂಬತ್ತು ಅಂಕ ಮುಟ್ಟಿದವರನ್ನು ಕೇಂದ್ರವೇ ಕೆಲಸಕ್ಕೆ ಕಳುಹಿಸುತ್ತಿತ್ತು. ಅವರ ಜಾಗಕ್ಕೆ ಬೇರೆಯವರು ಬರುತ್ತಿದ್ದರು.

ನೀಲಗಂಗಾ ಎಂಬತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟಿದ್ದಳು. ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಕೆಲಸ, ಜೊತೆಗೆ ಸಂಜೆ ಕಾಲೇಜು. ಅವಳಿಗಾಗಿ ಕಾದಿದ್ದ ಆ ಜಾಗ ಇನ್ನೇನು ಕೈತಪ್ಪುವುದರಲ್ಲಿತ್ತು.

ವಾರಿಜಾ ಅವಳನ್ನು ಕರೆಸಿದರು. “ಕಡೇ ಪ್ರಶ್ನಿಗೆ ಮಾತ್ರ ತೊದಲ್ತಿ. ಬೇಕಂತನ ಮಾಡ್ತಿ, ಹೌದಲ್ಲ?”

ಅವಳು ನೆಲ ನೋಡಿದಳು. “ಪಾಸಾದ್ರ ಇಲ್ಲಿಗೆ ಬರೂದು ಮುಗೀತಲ್ರಿ ಮೇಡಂ. ಆಮ್ಯಾಲ ಊಟಾ ಆತೇನಂತ ನನ್ನ ಯಾರು ಕೇಳ್ತಾರ್ರಿ?”

ವಾರಿಜಾ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. “ಅದು ಮಾಪಕಾ ಹೊಂದಿಸ್ಲಿಕ್ಕೆ ಇಟ್ಟ ಪ್ರಶ್ನಿ, ತಂಗಿ. ನಿನ್ನ ಅಳುಕಿಲ್ಲದ ಧ್ವನಿ ಹ್ಯಾಂಗದ ಅಂತ ಯಂತ್ರಕ್ಕ ಮೊದಲ ಗೊತ್ತಾಗಬೇಕಲ್ಲ, ಅದಕ್ಕ. ನೀ ಉಪಾಸ ಅಂದ್ರೂ ಅದಕ್ಕೇನೂ ಅನಸೂದಿಲ್ಲ.”

“ಗೊತ್ತೈತ್ರಿ. ಆದ್ರೂ ಕೇಳ್ತೈತಲ್ರಿ.”

ಹಾಗೆ ಗೆರೆಯ ಈಚೆಗೇ ನಿಂತವರು ಅವಳೊಬ್ಬಳೇ ಅಲ್ಲವೆಂದು ವಿಚಾರಿಸಿದಾಗ ತಿಳಿಯಿತು. ವಾರಿಜಾ ಯಂತ್ರವನ್ನು ತಿದ್ದಿದರು: ಕೆಲಸಕ್ಕೆ ಹೋದವರಿಗೂ ಇನ್ನುಮೇಲೆ ಅದು ದಿನವೂ ಸಂಜೆ ಫೋನ್ ಮಾಡಿ ಊಟ ಆಯಿತೇ ಎಂದು ಕೇಳುವುದು. ಮರುದಿನವೇ ನೀಲಗಂಗಾ ತೊಂಬತ್ತು ದಾಟಿದಳು.

ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಅವಳ ಕೋಣೆಗೆ ಜೊತೆಯಾದವಳು ಮಂದಾಕಿನಿ, ವಾಚಾಳಿ ಹುಡುಗಿ. ಸಂಜೆ ಫೋನ್ ಬಂದಾಗ ನೀಲಗಂಗಾ ಗೋಡೆಯತ್ತ ತಿರುಗಿ, ಪ್ರಯೋಗಾಲಯದಲ್ಲಿ ಬಿಸಿಗಾಜು ಮುಟ್ಟಿ ಬೆರಳು ಸುಟ್ಟದ್ದನ್ನೂ ಮೆಸ್ಸಿನ ಸಾರಿಗೆ ಉಪ್ಪಿಲ್ಲದ್ದನ್ನೂ ಹೇಳುತ್ತಿದ್ದಳು.

“ದಿನಾ ತಪ್ಪದ ಫೋನ್ ಮಾಡ್ತಾರಲ್ಲ,” ಎಂದಳು ಒಮ್ಮೆ ಮಂದಾಕಿನಿ. “ನಿಮ್ಮವ್ವ ಏನು?”

“ಹ್ಞೂಂ. ನಮ್ಮವ್ವ.”

ಧ್ವನಿ ಎಲ್ಲಿಯೂ ನಡುಗಲಿಲ್ಲ. ಯಂತ್ರ ಅಷ್ಟು ಚೆನ್ನಾಗಿ ಕಲಿಸಿತ್ತು.

“ಪುಣ್ಯಾ ಮಾಡಿ ಬಿಡವಾ! ಸೂಟಿಗೆ ನಿಮ್ಮನಿಗೆ ನನ್ನೂ ಕರಕೊಂಡ ಹೋಗು. ಅವ್ವಾರ ಕೈಯಾನ ರೊಟ್ಟಿ ತಿನ್ನೂಣು.”

ಆ ಹುಡುಗಿ ಮನಸಾರೆ ಕೇಳಿದ್ದಳು. ಹೀಗೆ ಜೊತೆಗೆ ಬರುತ್ತೇನೆಂದವರು ನೀಲಗಂಗಾಳ ಬಾಳಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದಳು, ಆಗಲಿಲ್ಲ. ನಗುತ್ತ ತಲೆಯಾಡಿಸಿದಳು.

ರಜೆ ಹತ್ತಿರ ಬಂದಾಗ, ಕರೆದೊಯ್ಯಲು ಮನೆಯಿಲ್ಲದೆ, ವಾರ್ಡನ್ನರ ಬಳಿ ಹೋಗಿ ಬೇರೆ ಕೋಣೆ ಕೇಳಿದಳು. ಮೇಲಿನ ಮಹಡಿಯಲ್ಲಿ ಒಬ್ಬರಿಗಷ್ಟೇ ಆಗುವ ಕೋಣೆಯೊಂದು ಖಾಲಿಯಿತ್ತು. ಮಂದಾಕಿನಿ ಕ್ಲಾಸಿಗೆ ಹೋಗಿದ್ದಾಗ ತನ್ನ ಹಾಸಿಗೆ ಸುತ್ತಿಕೊಂಡು ಮೆಟ್ಟಿಲು ಹತ್ತಿದಳು.