ಎರಡು ಮನೆ ಇಳಿಸಿದ ಶ್ರುತಿ

"ಏನ್ರೀ, ಆಫೀಸಿನ ಫೋನು ಕಿತ್ಕೊಂಡೇ ಬಂದ್ಬಿಟ್ರಾ?"

ಪಿಯಾನೋ ಮುಂದೆ ಕೂತವರು ಕೇಳಿದಾಗಲೇ ನನಗೆ ಗೊತ್ತಾದದ್ದು, ಹೆಡ್‌ಫೋನು ಇನ್ನೂ ಕುತ್ತಿಗೆಯಲ್ಲೇ ಇತ್ತು. ಅದರ ವಯರು ಸೊಂಟದವರೆಗೆ ಜೋತಾಡುತ್ತಿತ್ತು.

ನಾನು ಓದಿದ್ದು ಕಮ್ಮಿ. ಗಂಟಲು ಚೆನ್ನಾಗಿದೆ ಎಂದು ಒಂದು ಸಾಗಣೆ ಕಂಪನಿಯಲ್ಲಿ ಫೋನ್ ಎತ್ತುವ ಕೆಲಸ ಕೊಟ್ಟಿದ್ದರು. ಬೆಳಗಿನಿಂದ ಸಂಜೆವರೆಗೆ ಅದೇ. ಊಟದ ಬಿಡುವಿನಲ್ಲಿ ಮಾತ್ರ ಹಿಂದಿನ ಬೀದಿಯ ನಾಟಕ ಮಂದಿರಕ್ಕೆ ಓಡುತ್ತಿದ್ದೆ. ಹಾಡಿನ ನಾಟಕಗಳಿಗೆ ಅಲ್ಲಿ ಆಡಿಷನ್ ನಡೆಯುತ್ತಿತ್ತು.

ಆ ದಿನ ನಾಚಿಕೆಗೆ ಸ್ವರವೇ ಹೊರಡಲಿಲ್ಲ. ಕಣ್ಣೊರೆಸಿಕೊಂಡು ಮೆಟ್ಟಿಲಿಳಿಯುವಾಗ ಹಿಂದೆ ಯಾರೋ ಓಡಿ ಬಂದರು. ಪಿಯಾನೋ ನುಡಿಸುತ್ತಿದ್ದ ಆ ಮನುಷ್ಯ.

"ಫೋನಮ್ಮಾ, ಊಟದ ಡಬ್ಬಿ ಬಿಟ್ಟಿದೀರಿ."

"ಬೇಡ ನಿಮ್ಮ ಉಪಕಾರ. ನಿಮ್ಮಿಂದಲೇ ಹಾಡು ಕೆಟ್ಟಿದ್ದು."

"ಹಾಗಾದ್ರೆ ಡಬ್ಬಿ ನಂಗೇ ಇರ್ಲಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ."

ನಗು ಬಂದುಬಿಟ್ಟಿತು. ಅದೇ ಮೆಟ್ಟಿಲ ಮೇಲೆ ಕೂತು ಇಬ್ಬರೂ ತಿಂದೆವು. ಆಮೇಲೆ ಅದೇ ರೂಢಿಯಾಯಿತು. ನಾನು ಸೋಲುವುದು, ಅವರು ಡಬ್ಬಿಯಲ್ಲಿ ಪಾಲು ಕೇಳುವುದು.

"ನಾನು ನಿಮ್ಮಾಫೀಸಿಗೆ ಫೋನ್ ಮಾಡಿದ್ರೆ ಏನಂತೀರಿ?"

"ಲೈನಲ್ಲೇ ಇರಿ ಅಂತೀನಿ."

"ಎಷ್ಟು ಹೊತ್ತು?"

"ನಾನು ಹೇಳೋವರೆಗೂ."

ಅವರು ತಲೆ ತಗ್ಗಿಸಿ, ಕಣ್ಣು ಮಾತ್ರ ಎತ್ತಿ ನೋಡುತ್ತಿದ್ದರು. ಆ ನೋಟ ಮಧ್ಯಾಹ್ನವೆಲ್ಲ ನನ್ನ ಮೇಜಿನ ಮೇಲೆ ಇರುತ್ತಿತ್ತು.

ಪ್ರತಿ ಆಡಿಷನ್ನಿಗೂ ಆಫೀಸಿನಲ್ಲಿ ಹಲ್ಲಿನ ಡಾಕ್ಟರ ಹೆಸರು ಹೇಳುತ್ತಿದ್ದೆ. ಸೂಪರ್‌ವೈಸರಮ್ಮ ಒಮ್ಮೆ ಕೇಳಿಯೇಬಿಟ್ಟರು. "ಇನ್ನೂ ಎಷ್ಟು ಹಲ್ಲು ಉಳಿಸಿದಾನಮ್ಮ ಆ ಡಾಕ್ಟ್ರು? ಬಾಯಿ ತೆಗಿ, ನೋಡೋಣ."

ಆಮೇಲೆ ಆ ದೊಡ್ಡ ನಾಟಕ ಬಂತು. ನಾಯಕಿಯ ಪಾತ್ರ. ಸಿಕ್ಕರೆ ಹಾಡುವುದೇ ಉದ್ಯೋಗ, ಫೋನಿನ ಹಂಗಿಲ್ಲ. ಹಾಡಿನ ಕೊನೆಯಲ್ಲಿ ಒಂದು ಎತ್ತರದ ಸ್ವರವಿತ್ತು. ಬೆಳಗ್ಗೆಯೆಲ್ಲ ಮಾತಾಡಿ ಒರಟಾದ ಗಂಟಲಿಗೆ ಅದು ಎಂದೂ ದಕ್ಕಿರಲಿಲ್ಲ.

ಆ ದಿನ ದಕ್ಕಿತು. ದಿನದ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಹತ್ತಿಬಿಟ್ಟೆ.

ನಿರ್ದೇಶಕರು ಎದ್ದು ನಿಂತರು. "ಗುರುವಾರ ಬನ್ನಿ. ಇಡೀ ದಿನ. ವಾದ್ಯದವರೆಲ್ಲರ ಜೊತೆ ಹಾಡಿಸ್ತೀವಿ."

ಪಿಯಾನೋದವರು ನಗಲಿಲ್ಲ. ಸಂತೋಷ ಹೆಚ್ಚಾಗಿ ಮಾತು ಹೊರಡಲಿಲ್ಲ ಎಂದುಕೊಂಡೆ.

"ಗುರುವಾರ ರಜ ಇಲ್ಲ," ಎಂದರು ಸೂಪರ್‌ವೈಸರಮ್ಮ. "ಹಲ್ಲೋ ಕೆಲಸಾನೋ, ಒಂದನ್ನ ಕೀಳಿಸ್ಕೋ."

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ಬಂದೆ. ಮೆಟ್ಟಿಲ ಮೇಲೆ ಈ ಸುದ್ದಿ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು.

"ವಾಪಸ್ ಹೋಗ್ರೀ. ತಪ್ಪಾಯ್ತು ಅಂತ ಕೇಳ್ಕೊಳ್ಳಿ."

"ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

ಅವರು ಡಬ್ಬಿಗೆ ಮುಚ್ಚಳ ಹಾಕಿ ಎದ್ದರು.

ಗುರುವಾರ ವಾದ್ಯದವರೆಲ್ಲರ ಜೊತೆ ಹಾಡುವಾಗ ಆ ಸ್ವರ ಒಡೆಯಿತು. ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಒಡೆಯಿತು. ನಿರ್ದೇಶಕರು ಮೆಲ್ಲಗೆ ಕೇಳಿದರು, "ಆವತ್ತು ಹೇಗಮ್ಮ ಬಂತು?"

ನಾನು ಪಿಯಾನೋ ಕಡೆ ನೋಡಿದೆ. ಅವರು ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು.

ಎಲ್ಲರೂ ಹೋದ ಮೇಲೆ ಕೇಳಿದೆ. "ಆವತ್ತು ಶ್ರುತಿ ಎಷ್ಟು ಇಳಿಸಿದ್ರಿ?"

"ಎರಡು ಮನೆ," ಎಂದು ಪಿಯಾನೋದ ಎರಡು ಕೀಲಿ ಕೆಳಗೆ ಬೆರಳಿಟ್ಟು ತೋರಿಸಿದರು.

"ಯಾಕೆ?"

"ನೀವು ಸೋತು ಮೆಟ್ಟಿಲಿಳಿಯೋದನ್ನ ಇನ್ನು ನೋಡೋಕಾಗ್ಲಿಲ್ಲ. ಕೆಲಸ ಬಿಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ನೀವಂದ್ರೆ ಪ್ರಾಣ ಕಣ್ರೀ ನಂಗೆ. ಮದುವೆ ಆಗೋಣ. ಜೀವ ಇರೋವರೆಗೂ ನಿಮಗೇ ನುಡಿಸ್ತೀನಿ."

ಎಷ್ಟೋ ಮಧ್ಯಾಹ್ನ ಕಾದಿದ್ದ ಮಾತು. ಬಂದದ್ದು ಈಗ.

"ಹಾಗಾದ್ರೆ ನುಡಿಸಿ," ಎಂದೆ. "ಇಳಿಸ್ಬೇಡಿ. ಒಡೆದ್ರೆ ಒಡೀಲಿ."

ಹೂಂ ಎಂದರು. ಮೊದಲ ಚರಣ ಸರಿಯಾದ ಶ್ರುತಿಯಲ್ಲೇ ಹೋಯಿತು. ಕೊನೆಯ ಚರಣಕ್ಕೆ ಮುಂಚೆ ನನ್ನ ಕತ್ತಿನ ನರ ಉಬ್ಬಿದ್ದನ್ನು ಅವರು ನೋಡಿದರು. ನಡುವೆ ನಾಲ್ಕು ಸ್ವರ ಹೆಚ್ಚಾಗಿ ನುಡಿಸಿದರು. ನಾನು ಎತ್ತಿಕೊಂಡೆ, ಸ್ವರ ಅಡ್ಡಿಯಿಲ್ಲದೆ ಏರಿತು. ಖಾಲಿ ಕುರ್ಚಿಗಳ ಮೇಲೆಲ್ಲ ತುಂಬಿಕೊಂಡಿತು. ಅವರು ಕಣ್ಣು ತುಂಬಿಕೊಂಡು ನಗುತ್ತಿದ್ದರು.

ಮತ್ತೆ ಇಳಿಸಿದ್ದರು.

ಈ ಮನುಷ್ಯನ ಪಕ್ಕದಲ್ಲಿದ್ದರೆ ನನ್ನ ಸ್ವರ ಎಂದೂ ಒಡೆಯುವುದಿಲ್ಲ. ಅದು ನಿಜವಾಗಿ ಎಷ್ಟು ಎತ್ತರ ಹೋಗುತ್ತದೆ ಎಂಬುದೂ ನನಗೆ ಎಂದೂ ತಿಳಿಯುವುದಿಲ್ಲ.

ಡಬ್ಬಿ ತೆಗೆದುಕೊಂಡೆ. ಅದರಲ್ಲಿ ಅವರ ಪಾಲು ಹಾಗೇ ಇತ್ತು. ಬಿಚ್ಚಿ, ಪಿಯಾನೋ ಮೇಲೆ ಇಟ್ಟು ಹೊರಟೆ.

"ನಾನು ಲೈನಲ್ಲೇ ಇರ್ತೀನಿ ಕಣ್ರೀ," ಎಂದರು ಬಾಗಿಲವರೆಗೆ ಬಂದು. "ನೀವು ಹೇಳೋವರೆಗೂ."

ಬೇರೊಂದು ಆಫೀಸಿನಲ್ಲಿ ಅದೇ ಕೆಲಸ ಸಿಕ್ಕಿತು. ತಲೆ ನರೆಯುವವರೆಗೂ ಮಾಡಿದೆ. ಹಾಡು ಮತ್ತೆ ಬಾಯಿಗೆ ಬರಲಿಲ್ಲ. ಲೈನಲ್ಲೇ ಇರಿ ಎಂದು ಗುರುತಿಲ್ಲದ ಎಷ್ಟೋ ಜನಕ್ಕೆ ಹೇಳಿದೆ. ಅವರೊಬ್ಬರಿಗೆ ಹೇಳಲಿಲ್ಲ.