ಕಡಲಗೊಂಡೆ ಮತ್ತು ಅರಸನ ಕೈ

ಬಹಳ ಹಿಂದೆ, ಕಡಲಿನ್ನೂ ಊರವರ ಮಾತು ಕೇಳುತ್ತಿದ್ದ ಕಾಲದಲ್ಲಿ, ಅಳಿವೆಪುರವೆಂಬ ರಾಜ್ಯವಿತ್ತು. ಅದರ ದಡದ ಮರಳಿನಲ್ಲಿ ಕಡಲಗೊಂಡೆ ಎಂಬ ಗಿಡ ತಾನಾಗಿ ಬೆಳೆಯುತ್ತಿತ್ತು. ಗೇಣುದ್ದದ ಗಿಡ, ನೀಲಿ ಹೂವು. ಮಂಜು ಕವಿದಾಗ ಹೂವು ದೀಪದಂತೆ ಬೆಳಗುತ್ತಿತ್ತು. ದೋಣಿಯವರು ಅದನ್ನು ನೋಡಿಯೇ ದಡ ಸೇರುತ್ತಿದ್ದರು.

ಅದು ಅರಸ ವೀರಭೋಗನ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಕೇಳಬೇಕೇ! ಅವನ ಮಂತ್ರವಾದಿ ಧೂಮಾಕ್ಷ ದಡದ ಗಿಡಗಳನ್ನೆಲ್ಲ ಕೀಳಿಸಿ, ಅರಮನೆಯ ತೋಟದಲ್ಲಿ ಚಿನ್ನದ ಕುಂಡಗಳಲ್ಲಿ ನೆಡಿಸಿದ. ಗೊಬ್ಬರ ಸುರಿಸಿದ. ದಿನಕ್ಕೆ ಮೂರು ಹೊತ್ತು ನೀರು ಹೊಯ್ಯಿಸಿದ. ಗಿಡಗಳು ಕೊಳೆತುಹೋದವು. ಇತ್ತ ದಡ ಬೋಳಾಗಿ, ಮಂಜಿನಲ್ಲಿ ದೋಣಿಗಳು ಬಂಡೆಗೆ ಬಡಿದವು.

ಮೀನುಗಾರ ಹೆರಿಯ ಒಬ್ಬನೇ ಬಾಯಿಬಿಟ್ಟು ಹೇಳಿದ: "ಒಡೆಯಾ, ಇದು ಮರಳಿನ ಗಿಡ, ಇದಕ್ಕೆ ಗೊಬ್ಬರ ಆತಿಲ್ಲೆ."

"ನಿಮ್ಮ ಜನರ ಕಣ್ಣು ತಾಗಿಯೇ ಗಿಡ ಸತ್ತದ್ದು!" ಎಂದ ಧೂಮಾಕ್ಷ, ಅವನನ್ನೂ ಅವನ ದೋಣಿಯ ಏಳು ಜನರನ್ನೂ ಕಡಲಹಕ್ಕಿಗಳನ್ನಾಗಿ ಮಾಡಿಬಿಟ್ಟ. ಗಿಡ ಕೊಂದವನಿಗೆ ಸಭೆಯಲ್ಲಿ ಶಾಲು ಹೊದಿಸಿದರು. ಕಾರಣ ಹೇಳಿದವನಿಗೆ ರೆಕ್ಕೆ ಬಂತು. ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ.

ಹೆರಿಯನ ಹೆಂಡತಿ ಸುಬ್ಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಸಭೆಗೆ ನಡೆದಳು.

"ನನ್ನ ಗಂಡನ್ನ ಕೊಡಿ."

ಧೂಮಾಕ್ಷ ನಕ್ಕ. "ಈ ತೋಟದಲ್ಲಿ ಒಂದೇ ಒಂದು ಕಡಲಗೊಂಡೆ ಅರಳಿಸು. ಅರಳಿದ ಗಳಿಗೆಯಲ್ಲೇ ನನ್ನ ಮಂತ್ರವೆಲ್ಲ ಮುರಿದುಬೀಳಲಿ. ಅರಳದಿದ್ದರೆ ನೀನೂ ಹಕ್ಕಿ."

"ಆಯ್ತು. ಯಾರೂ ಮುಟ್ಟೂಕಾಗ, ಅಷ್ಟೆ" ಎಂದು, ಮುಟ್ಟಬಾರದೆಂಬ ಒಂದೇ ಷರತ್ತು ಹಾಕಿದಳು ಸುಬ್ಬಿ.

ಸುಬ್ಬಿ ಚಿನ್ನದ ಕುಂಡವನ್ನು ಆಚೆ ಸರಿಸಿ, ತಳ ತೂತಾದ ಹಳೆಯ ಗುಡಾಣ ತಂದಳು. ಬೇರು ಆಳಕ್ಕೆ ಇಳಿಯಬೇಕಲ್ಲ! ಅದರಲ್ಲಿ ಮರಳು, ಚಿಪ್ಪಿನ ಚೂರು ತುಂಬಿದಳು. ಮನೆಯಲ್ಲಿ ಎತ್ತಿಟ್ಟಿದ್ದ ಬೀಜವನ್ನು, ಸಿಪ್ಪೆ ತೆಳುವಾಗಲೆಂದು ಕಲ್ಲಿಗೆ ತುಸು ಉಜ್ಜಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಒತ್ತಿದಳು. ಗುಡಾಣವನ್ನು ಸುಡುಬಿಸಿಲಿಗಿಟ್ಟು ಕಾವಲು ಕೂತಳು.

ಮೊದಲ ತಿಂಗಳು ಧೂಮಾಕ್ಷ ಮಾಯೆಯ ಹಸುವನ್ನು ಬಿಟ್ಟ. ಅದಕ್ಕೆ ಚಿನ್ನದ ಕೋಡು, ಗಂಧದ ವಾಸನೆಯ ಸೆಗಣಿ.

"ಗೊಬ್ಬರ ಹಾಕಲೇ ತಾಯಿ?"

"ಭತ್ತದ ಗದ್ದೆಗೆ ಹಾಕು, ಹೋಗು!" ಎಂದು ಸುಬ್ಬಿ ಓಡಿಸಿದಳು. ಎಂಥ ಉಪಕಾರಗೇಡಿ ಎಂದರು ಸಭೆಯವರು.

ಎರಡನೆಯ ತಿಂಗಳು ಮೋಡದ ಆನೆ ಬಂತು.

"ಸಿಹಿನೀರು ಹೊಯ್ಯಲೇ ತಾಯಿ?"

"ಬೀಜ ಕೊಳ್ಸೂಕೆ ಬಂದ್ಯಾ? ಆಚೆ ಹೋಗು!"

ಆನೆ ಹೋದ ಮೇಲೆ ಎಂಟು ಕಡಲಹಕ್ಕಿಗಳು ಬಂದು ಗುಡಾಣದ ಮೇಲೆ ರೆಕ್ಕೆ ಕೊಡವಿದವು. ನಾಲ್ಕು ಹನಿ ಉಪ್ಪುನೀರು. ಬೀಜಕ್ಕೆ ಅಷ್ಟೇ ಬೇಕಿತ್ತು. ಮೊಳಕೆ ಬಂತು.

ಮೂರನೆಯ ತಿಂಗಳು ಮೊಗ್ಗು ಮೂಡಿತು. ಈ ಸಲ ಮಾಯೆಯ ಪ್ರಾಣಿ ಬರಲಿಲ್ಲ. ಬೆಳ್ಳಿಯ ಗುದ್ದಲಿ ಹಿಡಿದು ಅರಸನೇ ಬಂದ.

"ಬೇರು ಸರಿಯಾಗಿ ಹಿಡಿದಿದೆಯೋ ಏನೋ, ಬಗೆದು ನೋಡಿ ಪ್ರಭು" ಎಂದು ಧೂಮಾಕ್ಷ ಅವನ ಕಿವಿ ಕಚ್ಚಿದ್ದ.

ಅರಸ ಗುದ್ದಲಿ ಎತ್ತಿದ. ಸುಬ್ಬಿ ಅವನ ಕೈಗೆ ಫಟ್ಟನೆ ಹೊಡೆದಳು. ಭಟರ ಕತ್ತಿಗಳು ಹೊರಬಂದವು.

"ಕಡೀರಿ!" ಎಂದಳು ಸುಬ್ಬಿ. "ನೋಡೂದಾದ್ರೆ ಕೂತು ನೋಡಿ. ಕಿತ್ತು ನೋಡೂದು ಎಂಥ ನೋಡೂದು? ನಮ್ಮ ದಡ ಬೋಳು ಮಾಡಿದ್ರಿ. ಹೇಳ್ದವರ ಬಾಯಿ ಮುಚ್ಸಿದ್ರಿ. ಈ ಗಿಡಕ್ಕೆ ಎಂತ ಬೇಕು ಅಂತ ಒಂದ್ ಸಲ, ಒಂದೇ ಒಂದ್ ಸಲ, ನಮ್ಮನ್ನ ಕೇಳಿದ್ರಾ?"

ಅರಸ ಕೆಂಪಾದ ಕೈ ನೋಡಿಕೊಂಡ. ಅವನು ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಕತ್ತಿ ಇಳಿಸಲು ಹೇಳಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲದ ಮೇಲೆ ಕೂತ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೇ ಇದ್ದ.

ಮಧ್ಯಾಹ್ನ ಹೂವು ಅರಳಿತು. ಎಂಟು ಹಕ್ಕಿಗಳು ನೆಲಕ್ಕಿಳಿದು ಎಂಟು ಮನುಷ್ಯರಾದವು. ಧೂಮಾಕ್ಷನ ಮೈಯೇ ಮಂತ್ರದ್ದಾಗಿತ್ತು. ಅವನು ನಿಂತಲ್ಲೇ ಹೊಗೆಯಾಗಿ ಹೋದ. ಹೆರಿಯನ ತಲೆಯಲ್ಲಿ ಒಂದು ಗರಿ ಉಳಿದಿತ್ತು. ಸುಬ್ಬಿ ಅದನ್ನು ಕಿತ್ತೆಸೆದು, ಆಮೇಲೆ ಅತ್ತಳು.

"ನೀನೇ ಅರಮನೆಯ ತೋಟ ನೋಡಿಕೋ ತಾಯಿ" ಎಂದ ಅರಸ.

"ನಂಗೆ ತೋಟ ಬೇಡ. ಬೀಜ ದಡಕ್ಕೆ ಹೋಯ್ಕು."

ಬೀಜವೆಲ್ಲ ದಡಕ್ಕೆ ಹೋಯಿತು. ಮರುವರ್ಷ ಮಂಜಿನಲ್ಲಿ ದಡವಿಡೀ ನೀಲಿಯಾಗಿ ಬೆಳಗಿತು. ದೋಣಿಗಳೆಲ್ಲ ಮನೆಗೆ ಬಂದವು, ಊರು ಸುಖವಾಗಿತ್ತು.

ಇಂದಿಗೂ ಅಳಿವೆಪುರದ ಅರಸರು ದಡಕ್ಕೆ ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆಯುತ್ತಾರೆ. ಮರೆತವರಿಗೆ ನೆನಪಿಸಲು ಸುಬ್ಬಿಯ ಮೊಮ್ಮಕ್ಕಳು ಅಲ್ಲೇ ಇದ್ದಾರೆ.